ಅಡುಗೆಮನೆಯ ಗೋಡೆ ಎದ್ದ ಬೇಸಿಗೆ

ಆ ಕಾಲದಲ್ಲಿ ನಮ್ಮ ಬೇಸಿಗೆ ರಜೆಯನ್ನು ಯಾರೂ ತುಂಬಿಸಿ ಕೊಡುತ್ತಿರಲಿಲ್ಲ. ಕೊನೆಯ ಪರೀಕ್ಷೆ ಬರೆದು ಬಂದು ಪ್ಯಾಡನ್ನು ಅಟ್ಟಕ್ಕೆ ಎಸೆದರೆ ಮುಗಿಯಿತು, ಸ್ಕೂಲು ಮತ್ತೆ ತೆರೆಯುವವರೆಗೂ ಹೊತ್ತೆಲ್ಲ ನಮ್ಮದೇ. ಬೆಳಿಗ್ಗೆ ಕುಂಟೆಬಿಲ್ಲೆ, ಬಿಸಿಲೇರಿದರೆ ಜಗಲಿಯ ಮೇಲೆ ಚೌಕಾಬಾರ, ಮಧ್ಯಾಹ್ನ ದೊಡ್ಡವರು ಒರಗಿಕೊಂಡ ಹೊತ್ತಿಗೆ ಯಾರದೋ ತೋಟದ ಮಾವಿನಕಾಯಿ, ಜೊತೆಗೆ ಲಂಗದ ಜೇಬಿನಲ್ಲಿ ಪೊಟ್ಟಣ ಕಟ್ಟಿದ ಉಪ್ಪು ಖಾರ. ನನ್ನ ವಯಸ್ಸಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಾನು ಆರನೇ ಕ್ಲಾಸು ಮುಗಿಸಿದ ವರ್ಷದ ಬೇಸಿಗೆ ಹಾಗಿರಲಿಲ್ಲ. ಆ ರಜೆಯಲ್ಲಿ ನಾನು ಆಡಿದ್ದು ಕಡಿಮೆ. ಆದರೂ ಈಗ ಕಣ್ಣು ಮುಚ್ಚಿ ಬಾಲ್ಯ ಅಂದುಕೊಂಡರೆ ಮೊದಲು ಬರುವುದು ಅದೇ ಬೇಸಿಗೆ.

ನಮ್ಮ ಮನೆ ಇದ್ದದ್ದು ಗೌರಿಬಿದನೂರು ತಾಲ್ಲೂಕಿನ ನಗರಗೆರೆಯ ಕೆಳಗಿನ ಬೀದಿಯಲ್ಲಿ. ಮನೆಯಲ್ಲಿ ನಾಲ್ಕೇ ಜನ: ಅಪ್ಪ, ಅಮ್ಮ, ಅಪ್ಪನ ತಾಯಿ ವೆಂಕಟಮ್ಮಜ್ಜಿ, ಮತ್ತು ನಾನು. ಅಪ್ಪನ ಹೆಸರು ಮುನಿರಾಜು, ಪಕ್ಕದ ಹಳ್ಳಿಯ ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರು. ನಮ್ಮ ಬೀದಿಯಲ್ಲಿ ಓದಿ ಸರ್ಕಾರಿ ಕೆಲಸಕ್ಕೆ ಸೇರಿದ ಮೊದಲನೆಯವನು ಅವನೇ. ಇಸ್ತ್ರಿ ಮಾಡಿದ ಬಿಳಿ ಶರಟು, ಜೇಬಿನಲ್ಲಿ ಎರಡು ಪೆನ್ನು, ಉಗುರಿನಲ್ಲಿ ಒಂದು ಚೂರೂ ಕೊಳೆ ಇರಬಾರದು. ಸಂಬಳ ಬರತೊಡಗಿದ ವರ್ಷ ನಡುಮನೆಯ ಗೋಡೆಗೆ ಬುದ್ಧನ ದೊಡ್ಡ ಪಟ ತಂದು ಹಾಕಿದ್ದ. ಪ್ರತಿ ಬುದ್ಧಪೂರ್ಣಿಮೆಗೆ ಬೀದಿಯವರನ್ನೆಲ್ಲ ಕರೆದು ಪಾನಕ, ಪಾಯಸ ಕೊಡುವುದು ಅವನು ಶುರುಮಾಡಿದ ಪದ್ಧತಿ.

ಆ ವರ್ಷ ಅಪ್ಪ ನನಗೊಂದು ಮಾತು ಕೊಟ್ಟಿದ್ದ. ಪರೀಕ್ಷೆ ಮುಗಿದ ಮೇಲೆ ಮೈಸೂರು. ನಾಲ್ಕು ದಿನ. ಝೂ, ಅರಮನೆಯ ದೀಪ, ಬಣ್ಣದ ಕಾರಂಜಿ. ನಾನು ಅದನ್ನು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೆ ಅಂದರೆ, ನನ್ನ ಗೆಳತಿ ಸುಜಾತಳಿಗೆ ಸಿಟ್ಟು ಬಂದು, ಅವರ ಮನೆಯವರೂ ಹೋಗುತ್ತಾರೆ, ಅವರ ಮಾವನದೇ ವ್ಯಾನಿದೆ ಅಂತ ಅವಳೂ ಹೇಳತೊಡಗಿದ್ದಳು.

ಪರೀಕ್ಷೆ ಮುಗಿದು ನಾಲ್ಕನೆಯ ದಿನ ಸಂಜೆ ಆಲಿಕಲ್ಲಿನ ಮಳೆ ಬಂತು. ನಾವೆಲ್ಲ ಜಗಲಿಯಲ್ಲಿ ನಿಂತು ಅಂಗಳದಲ್ಲಿ ಬಿದ್ದ ಆಲಿಕಲ್ಲನ್ನು ಚೊಂಬಿಗೆ ಆರಿಸಿ ಹಾಕುತ್ತಿದ್ದೆವು. ಆಗ ಮನೆಯ ಹಿಂದಿನಿಂದ ಒಂದು ಸದ್ದು ಬಂತು. ಗುಡುಗಲ್ಲ, ಯಾರೋ ಮೂಟೆ ಇಳಿಸಿದ ಹಾಗೆ. ಓಡಿ ಹೋಗಿ ನೋಡಿದರೆ ಅಡುಗೆಮನೆಯ ಹಿಂದಿನ ಗೋಡೆ ಇರಲೇ ಇಲ್ಲ. ಅದಿದ್ದ ಕಡೆ ಮಳೆ ಕಾಣುತ್ತಿತ್ತು, ಅದರಾಚೆ ನಮ್ಮ ಹುಣಸೆಮರ ಕಾಣುತ್ತಿತ್ತು. ಕಲ್ಲಿನ ತಳಪಾಯ ಮಾತ್ರ ಉಳಿದಿತ್ತು. ಹೆಂಚು ಒಂದು ಕಡೆಗೆ ಜಾರಿ ನೇತಾಡುತ್ತಿತ್ತು. ಅಮ್ಮ ಆಗಷ್ಟೇ ಎಸರಿಟ್ಟು ಆಲಿಕಲ್ಲು ನೋಡಲು ಹೊರಗೆ ಬಂದಿದ್ದಳು. ಬಂದಿರದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒದ್ದೆ ಮಣ್ಣು, ಹಳೆಯ ಹೊಗೆ, ಒಡೆದ ಉಪ್ಪಿನಕಾಯಿ ಜಾಡಿ, ಈ ಮೂರೂ ಸೇರಿದ ವಾಸನೆ ನನಗೆ ಇವತ್ತಿಗೂ ನೆನಪಿದೆ.

ಮರುದಿನದಿಂದ ಅಮ್ಮನ ಅಡುಗೆ ಜಗಲಿಗೆ ಬಂತು. ಅಪ್ಪ ಗಾರೆ ಕೆಲಸದವರನ್ನು ಹುಡುಕಿಕೊಂಡು ಹೊರಟ. ಕೈ ನೆಟ್ಟಗಿದ್ದವರೆಲ್ಲ ಬೆಂಗಳೂರಿನ ಕಟ್ಟಡಗಳಿಗೆ ಹೋಗಿದ್ದರು. ಗೌರಿಬಿದನೂರಿನಲ್ಲಿ ಸಿಕ್ಕ ಒಬ್ಬ ಮೇಸ್ತ್ರಿ, ಸಿಮೆಂಟಿನಲ್ಲಿ ಕಟ್ಟಿಕೊಡುತ್ತೀನಿ, ಆದರೆ ಗೌರಿಹಬ್ಬ ಕಳೆದ ಮೇಲೆ ಅಂದ. ಅಷ್ಟರಲ್ಲಿ ಮುಂಗಾರು ಬಂದು, ಉಳಿದ ಗೋಡೆಗಳೂ ನೆನೆದು ಕೂರುತ್ತವೆ ಅಂತ ಅಜ್ಜಿ ಹೇಳಿದಳು. ಅಪ್ಪ ಸಪ್ಪೆ ಮುಖ ಮಾಡಿಕೊಂಡು ಕೂತ. ಅಜ್ಜಿ ಕೂರಲಿಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಿದ್ದ ಮಣ್ಣಿನ ಗುಡ್ಡೆಯ ಮೇಲೆ ನೀರು ಹೊಯ್ದು ತುಳಿಯತೊಡಗಿದಳು.

ಇಲ್ಲಿ ನನ್ನ ತಾತನ ವಿಷಯ ಹೇಳಬೇಕು. ನಾನು ಅವನನ್ನು ನೋಡಿಲ್ಲ. ಅವನನ್ನು ಸುತ್ತಿನ ಊರುಗಳಲ್ಲಿ ಗೋಡೆ ಮುನಿಶಾಮಿ ಅನ್ನುತ್ತಿದ್ದರಂತೆ. ಮಣ್ಣಿನ ಗೋಡೆ ಎಬ್ಬಿಸುವುದೇ ಅವನ ಕೆಲಸ. ಅವನು ಕಟ್ಟುತ್ತಿದ್ದ, ಅಜ್ಜಿ ಮಣ್ಣು ತುಳಿದು ಕೊಡುತ್ತಿದ್ದಳು. ನಮ್ಮ ಮನೆಯನ್ನೂ ಅವರಿಬ್ಬರೇ ಕಟ್ಟಿದ್ದು. ಅಪ್ಪನಿಗೆ ಆ ಮಾತು ಬಂದರೆ ಆಗುತ್ತಿರಲಿಲ್ಲ. ತನ್ನ ಕೈಯಲ್ಲಿ ಸೀಮೆಸುಣ್ಣ ಇರಬೇಕೇ ಹೊರತು ಮಣ್ಣಲ್ಲ ಅಂತ ಅವನು ಚಿಕ್ಕಂದಿನಲ್ಲೇ ನಿರ್ಧಾರ ಮಾಡಿದ್ದ.

ಅಜ್ಜಿ ತುಳಿಯುವುದನ್ನು ಅವನು ಸ್ವಲ್ಪ ಹೊತ್ತು ನೋಡಿದ. ಬಿಡಮ್ಮ, ಈ ವಯಸ್ಸಲ್ಲಿ ಯಾಕೆ, ಯಾರಾದ್ರೂ ನೋಡಿದ್ರೆ ಏನಂತಾರೆ ಅಂದ. ಅಜ್ಜಿ ತುಳಿಯುತ್ತಲೇ, ನೋಡ್ದೋರು ಬಂದು ಅಡುಗೆ ಮಾಡ್ಕೊಡ್ತಾರಾ ಅಂತ ಕೇಳಿದಳು. ಅಪ್ಪ ಒಳಗೆ ಹೋಗಿ ಶರಟು ಬಿಚ್ಚಿ, ಬನಿಯನ್, ಹಳೇ ಪಂಚೆಯಲ್ಲಿ ಹೊರಗೆ ಬಂದ. ಮಣ್ಣಿಗೆ ಕಾಲಿಡುವ ಮೊದಲು ನನ್ನ ಕಡೆ ತಿರುಗಿ, ಬೇಗ ಮುಗಿದರೆ ಮೈಸೂರಿಗೆ ಹೋಗೋಣ ಕಣಮ್ಮ, ಇಲ್ಲದಿದ್ದರೆ ದಸರಾಕ್ಕೆ ಅಂದ.

ನಾನು ಎರಡು ದಿನ ಮುನಿಸಿಕೊಂಡೆ. ಊಟಕ್ಕೆ ಕರೆದರೆ ಬರಲಿಲ್ಲ. ಅಳಿಗುಳಿಮಣೆ ಇಟ್ಟುಕೊಂಡು ಒಬ್ಬಳೇ ಎರಡೂ ಕಡೆ ಆಡಿದೆ. ಮೂರನೆಯ ದಿನ ಅಜ್ಜಿಯೇ ಕೂಗಿದಳು. "ಗೌತಮೀ, ಬಾರಮ್ಮ ಇಲ್ಲಿ. ನನ್ ಮಂಡಿ ಹಿಡ್ಕೊಂಡೈತೆ. ನಿನ್ ಕಾಲು ಒಂದ್ ಗಂಟೆ ಸಾಲ ಕೊಡು."

ಮೊದಲ ಹೆಜ್ಜೆ ಇಟ್ಟಾಗ ಮೇಲಿನ ಮಣ್ಣು ಬೆಚ್ಚಗಿತ್ತು, ಒಳಗಿನದು ತಣ್ಣಗಿತ್ತು. ಬೆರಳುಗಳ ಸಂದಿಯಿಂದ ಮಣ್ಣು ಮೇಲೆದ್ದು ಬಂದು ಕಚಗುಳಿ ಇಟ್ಟಿತು. ಬಿದ್ದ ಗೋಡೆಯ ಮಣ್ಣಿಗೆ ಕೆರೆಯ ಗೋಡು, ಹುತ್ತದ ಮಣ್ಣು, ಕತ್ತರಿಸಿದ ರಾಗಿ ಹುಲ್ಲು ಸೇರಿಸಿದ್ದರು. ಹುಲ್ಲು ಅಂಗಾಲಿಗೆ ಚುಚ್ಚುತ್ತಿತ್ತು. ಸುಮ್ಮನೆ ಕುಣಿದರೆ ಆಗುವುದಿಲ್ಲ, ಹಿಮ್ಮಡಿಯಿಂದ ಒತ್ತಿ ಎಳೆಯಬೇಕು, ಅಂಚಿನಿಂದ ನಡುವಿಗೆ ಬರಬೇಕು ಅಂತ ಅಜ್ಜಿ ಕಲ್ಲಿನ ಮೇಲೆ ಕೂತು ಹೇಳಿಕೊಟ್ಟಳು. ಒಂದು ಗಂಟೆ ಅಂದದ್ದು ಮಧ್ಯಾಹ್ನದವರೆಗೆ ಹೋಯಿತು. ಕೊನೆಗೆ ಅವಳು ಒಂದು ಮುದ್ದೆಯಷ್ಟು ಮಣ್ಣು ತೆಗೆದು ಅಂಗೈಯಲ್ಲಿ ಹಿಚುಕಿ, ಮೂಸಿ ನೋಡಿ, ಆಯ್ತು ಅಂದಳು. ಆಯ್ತು ಅಂತ ಹೇಗೆ ಗೊತ್ತಾಯಿತು ಅಂತ ನಾನು ಕೇಳಿದೆ. ಅದು ಹೇಳುತ್ತೆ ಅಂದಳು.

ಆವತ್ತು ಮೊದಲನೆಯ ವರಸೆ ಹಾಕಿದರು. ಮಣ್ಣಿನ ಗೋಡೆಯನ್ನು ಒಂದೇ ಸಲಕ್ಕೆ ಎಬ್ಬಿಸುವ ಹಾಗಿಲ್ಲ. ಮೊಳದೆತ್ತರ ಒಂದು ವರಸೆ ಹಾಕಿ, ಅದು ಒಣಗಿ ಗಟ್ಟಿಯಾದ ಮೇಲೆ ಅದರ ಮೇಲೆ ಇನ್ನೊಂದು. ನಮ್ಮದಕ್ಕೆ ಐದು ವರಸೆ ಬೇಕಿತ್ತು. ನಾನು ಮಣ್ಣಿನ ಉಂಡೆ ಕಟ್ಟಿ ಕೊಟ್ಟೆ, ಅಮ್ಮ ಬಾಂಡಲಿಯಲ್ಲಿ ಹೊತ್ತು ತಂದಳು, ಅಪ್ಪ ಅದನ್ನು ಎತ್ತಿ ಗೋಡೆಯ ಮೇಲೆ ಬಡಿದ. ಮೊದಮೊದಲು ಅವನು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದ. ಸ್ವಲ್ಪ ಹೊತ್ತಿಗೆ ಅಂಗೈ ಪೂರ್ತಿ ಹಾಕಿದ. ಅಜ್ಜಿ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೆಟ್ಟಗಿದೆಯೋ ಇಲ್ಲವೋ ನೋಡಿದಳು.

ಸಂಜೆ ಕೈಕಾಲು ತೊಳೆದು ಹುಣಸೆಮರದ ಕೆಳಗೆ ಕೂತೆವು. ಅಮ್ಮ ಹುರಿದ ಕಡಲೆಕಾಯಿ, ಬೆಲ್ಲ ಕೊಟ್ಟಳು. ನಾಲ್ವರೂ ಆ ಮೊಳದೆತ್ತರದ ಒದ್ದೆ ಗೋಡೆಯನ್ನೇ ನೋಡುತ್ತ ಕಡಲೆಕಾಯಿ ತಿಂದೆವು. ಬೆಳಿಗ್ಗೆ ಅಲ್ಲಿ ಏನೂ ಇರಲಿಲ್ಲ, ಈಗ ಇತ್ತು. ಅದರಲ್ಲಿ ನಾನು ಕಟ್ಟಿದ ಉಂಡೆಗಳಿದ್ದವು. ಕುಂಟೆಬಿಲ್ಲೆಯಲ್ಲಿ ಗೆದ್ದಾಗ ಆಗುತ್ತಿದ್ದ ಸಂತೋಷ ಬೇರೆ, ಇದು ಬೇರೆ. ಇದರಲ್ಲಿ ಸೋತವರು ಯಾರೂ ಇರಲಿಲ್ಲ. ಆವತ್ತು ತಿಂದ ಮುದ್ದೆ, ಹುರುಳಿಕಾಳಿನ ಬಸ್ಸಾರಿನ ರುಚಿ ಮತ್ತೆ ಸಿಕ್ಕಿಲ್ಲ. ಚಾಪೆಗೆ ಬಿದ್ದದ್ದು ಗೊತ್ತು, ಆಮೇಲೆ ಬೆಳಗಾಗಿತ್ತು.

ಎರಡನೆಯ ವರಸೆಗೆ ಮಣ್ಣು ತುಳಿಯುವ ದಿನ ಮೇಲಿನ ಬೀದಿಯ ಕೃಷ್ಣಾರೆಡ್ಡಿ ನಮ್ಮ ಮನೆಯ ಹಿಂದಿನ ದಾರಿಯಲ್ಲಿ ಹೊಲಕ್ಕೆ ಹೊರಟಿದ್ದರು. ಜಮೀನು ಇದ್ದ ಮನೆತನ, ಊರಿನಲ್ಲಿ ದೊಡ್ಡವರು. ಅವರ ಮೊಮ್ಮಕ್ಕಳು ಅಪ್ಪನ ಹತ್ತಿರ ಲೆಕ್ಕ ಹೇಳಿಸಿಕೊಳ್ಳುತ್ತಿದ್ದರು. ಅವರು ನಿಂತು ನೋಡಿ, "ಏನ್ ಮೇಷ್ಟ್ರೇ, ನೀವೇ ತುಳೀತಾ ಇದ್ದೀರಲ್ಲ? ಹೇಳಿದ್ರೆ ಯಾರನ್ನಾದ್ರೂ ಕಳಿಸ್ತಿದ್ನಲ್ಲ" ಅಂದರು.

ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅಪ್ಪನ ಕಾಲು ನಿಂತಿತು. ಮೊಣಕಾಲುವರೆಗೂ ಮಣ್ಣಾಗಿತ್ತು. ಅವನು ಎರಡೂ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗ ಮೇಷ್ಟರ ಮುಂದೆ ಕೈ ಕಟ್ಟಿಕೊಳ್ಳುವ ಹಾಗೆ. ನಾನು ಅಪ್ಪನನ್ನು ಹಾಗೆ ನೋಡಿದ್ದು ಅದೇ ಮೊದಲು. ಅಜ್ಜಿ ಕಲ್ಲಿನ ಮೇಲಿಂದ ಎದ್ದು, ನಿಮ್ಮ ಮನೆ ಹಿಂದಿನ ಗೋಡೆ ಹೆಂಗೈತೆ ರೆಡ್ಡೇರೆ ಅಂತ ಕೇಳಿದಳು. ಅದಕ್ಕೇನಾಗಿದೆ ವೆಂಕಟಮ್ಮ, ಒಂದು ಬಿರುಕಿಲ್ಲ, ನಿಮ್ಮ ಯಜಮಾನನ ಕೈ ಅಲ್ಲವಾ ಅಂದರು ಅವರು.

"ಇವನೂ ಆ ಗೋಡೆಗೆ ಮಣ್ ತುಳಿದೋನೇ" ಅಂದಳು ಅಜ್ಜಿ. ರೆಡ್ಡಿಯವರು ತಲೆಯಾಡಿಸಿ ಹೊರಟುಹೋದರು.

ಮಧ್ಯಾಹ್ನ ಮಜ್ಜಿಗೆ ಕುಡಿಯುವಾಗ ರೆಡ್ಡಿಯವರ ಮನೆಯ ಗೋಡೆಯ ವಿಷಯ ನಾನು ಅಪ್ಪನನ್ನು ಕೇಳಿದೆ. ಅವನು ಅಷ್ಟು ಸುಲಭವಾಗಿ ಹಳೆಯದನ್ನು ಹೇಳುವವನಲ್ಲ. ಆವತ್ತು ಹೇಳಿದ. ಅವನಿಗೆ ಒಂಬತ್ತೋ ಹತ್ತೋ ವಯಸ್ಸು. ಆ ಮನೆಯ ಗೋಡೆ ಎಬ್ಬಿಸುವಷ್ಟು ದಿನವೂ ತಾತ, ಅಜ್ಜಿ, ಅವನು ಮೂವರೂ ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ. ಚಾವಣಿ ಹಾಕುವ ಮೊದಲು ಆ ಜಾಗದಲ್ಲಿ ಓಡಾಡಿದ್ದಾನೆ, ನೆರಳಿನಲ್ಲಿ ಮಲಗಿದ್ದಾನೆ. ಸಾರಿಸಿ, ಸುಣ್ಣ ಹೊಡೆದು, ಬಾಗಿಲು ಇಟ್ಟ ದಿನ ಅವರಿಗೆ ಹೊರಗೆ ಅಂಗಳದಲ್ಲಿ ಎಲೆ ಹಾಕಿದರು. ಆಮೇಲೆ ಆ ಬಾಗಿಲು ದಾಟಿಲ್ಲ. "ಮಕ್ಕಳಿಗೆ ಪಾಠ ಹೇಳೋಕೆ ಹೋದ್ರೂ ಜಗಲಿವರೆಗೇನೇ ಕಣಮ್ಮ. ಆ ಗೋಡೆ ಒಳಗಡೆಯಿಂದ ಹೆಂಗೆ ಕಾಣುತ್ತೆ ಅಂತ ನಂಗೆ ಗೊತ್ತಿಲ್ಲ."

ಅಷ್ಟು ಹೇಳಿ ಲೋಟ ಕೆಳಗಿಟ್ಟು ಮತ್ತೆ ಮಣ್ಣಿಗಿಳಿದ. ಆವತ್ತು ಅವನು ಉಂಡೆಯನ್ನು ಬಡಿದ ರಭಸಕ್ಕೆ ಮಣ್ಣು ನನ್ನ ಮುಖದವರೆಗೂ ಸಿಡಿಯುತ್ತಿತ್ತು.

ಇಷ್ಟೆಲ್ಲ ಕೇಳಿಯೂ ನಾನು ಮೈಸೂರನ್ನು ಬಿಟ್ಟಿರಲಿಲ್ಲ. ಹನ್ನೆರಡು ವರ್ಷದ ಮನಸ್ಸು ಹಾಗೇ. ಎರಡನೆಯ ವರಸೆ ಹಾಕಿದ ಮಾರನೆಯ ದಿನ ಸುಜಾತ ಬಂದು, ಮುಂದಿನ ಭಾನುವಾರ ಅವರ ವ್ಯಾನು ಹೊರಡುತ್ತದೆ, ಜಾಗ ಇದೆ, ನೀವೂ ಬರಬಹುದಂತೆ ಅಂದಳು. ನಾನು ಬೆರಳು ಮಡಿಸಿ ಎಣಿಸಿದೆ. ಉಳಿದ ಮೂರು ವರಸೆಗಳನ್ನು ಒಂದರ ಹಿಂದೆ ಒಂದು ಹಾಕಿಬಿಟ್ಟರೆ ಭಾನುವಾರಕ್ಕೆ ಗೋಡೆ ಮುಗಿಯುತ್ತದೆ. ಅಡ್ಡ ಇದ್ದವಳು ಅಜ್ಜಿ ಒಬ್ಬಳೇ. ಅವಳದ್ದು ಯಾವಾಗಲೂ ಒಂದೇ ಮಾತು, "ತೊಂದರ ಪಡೊದ್ದು." ಅಜ್ಜಿಯ ತವರು ಆಂಧ್ರದ ಗಡಿಯಾಚೆ. ಅವಳ ತೆಲುಗಿನಲ್ಲಿ ತೊಂದರ ಅಂದರೆ ಅವಸರ, ಅವಸರ ಪಡಬೇಡ ಅಂತ ಅವಳ ಮಾತು. ನಮ್ಮ ಕನ್ನಡದಲ್ಲಿ ತೊಂದರೆ ಅಂದರೆ ಕಷ್ಟ. ಎರಡೂ ಒಂದೇ ಮಾತು, ಅಜ್ಜಿಗೆ ಸರಿಯಾಗಿ ಹೇಳಲು ಬರುವುದಿಲ್ಲ ಅಂತ ನಾನು ಬಹಳ ದಿನ ತಿಳಿದುಕೊಂಡಿದ್ದೆ.

ಅಷ್ಟರಲ್ಲಿ ಅಜ್ಜಿಗೆ ಮುರುಗಮಲ್ಲಕ್ಕೆ ಹೋಗಬೇಕಾಯಿತು. ಮಂಡಿನೋವಿಗೆ ಅಲ್ಲಿನ ದರ್ಗಾಕ್ಕೆ ಹರಕೆ ಹೊತ್ತಿದ್ದಳು, ಬೀದಿಯ ಇನ್ನಿಬ್ಬರು ಹೆಂಗಸರು ಹೊರಟಿದ್ದರು. ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಅಪ್ಪ ನೀರು ತರಲು ಹೋಗಿದ್ದ. ಅಜ್ಜಿ ಗೋಡೆ ಮುಟ್ಟಿ ನೋಡಿ ನನಗೆ ಹೇಳಿದಳು: ಇನ್ನೂ ಹಸಿ ಐತೆ, ನಾಳೆ ಸಂಜೆ ನಾನು ಬರೋವರ್ಗೂ ಮುಟ್ಟಬೇಡಿ ಅಂತ ನಿಮ್ಮಪ್ಪನಿಗೆ ಹೇಳು.

ಅಪ್ಪ ಬಂದ. ಅಜ್ಜಿ ಏನಾದರೂ ಹೇಳಿದಳಾ ಅಂತ ಕೇಳಿದ. ನಾನು ಹೇಳಿದೆ: "ಒಣಗಿದೆಯಂತೆ. ಮೇಲೆ ಹಾಕ್ಬೋದಂತೆ."

ಹೇಳುವಾಗ ನಾಲಿಗೆ ತಡವರಿಸಲಿಲ್ಲ. ಅದೇ ಈಗಲೂ ನನಗೆ ಆಶ್ಚರ್ಯ.

ಅಂದೇ ಮೂರನೆಯ ವರಸೆ ಹಾಕಿದೆವು. ನಾನು ಯಾವತ್ತಿಗಿಂತ ಜೋರಾಗಿ ಉಂಡೆ ಕಟ್ಟಿದೆ. ಅಪ್ಪನಿಗೂ ಹುರುಪು ಬಂದಿತ್ತು, ಅಜ್ಜಿ ಬಂದಾಗ ಆಶ್ಚರ್ಯಪಡಬೇಕು ಅಂದ. ಮಾರನೆಯ ದಿನ ಮಧ್ಯಾಹ್ನ ಅವನು ಗೋಡೆಯ ಬದಿಯಲ್ಲಿ ನಿಂತು ಅಂಚು ಸರಿಮಾಡುತ್ತಿದ್ದ. ಗೋಡೆಯ ಹೊಟ್ಟೆ ಮೆಲ್ಲಗೆ ಮುಂದಕ್ಕೆ ಬರುವುದನ್ನು ನಾನು ನೋಡಿದೆ. ಅಪ್ಪಾ ಅಂತ ಕೂಗುವಷ್ಟರಲ್ಲಿ ಮೂರನೆಯ ವರಸೆ ಎರಡನೆಯದನ್ನೂ ಎಳೆದುಕೊಂಡು ಕುಸಿಯಿತು. ಅಪ್ಪ ಹಿಂದಕ್ಕೆ ಹಾರಿದ, ಆದರೂ ಒಂದು ಪಾದ ಮಣ್ಣಿನಡಿ ಸಿಕ್ಕಿಕೊಂಡಿತು. ಅಮ್ಮ ಓಡಿ ಬಂದು ಕೈಯಲ್ಲೇ ಬಗೆದು ತೆಗೆದಳು. ಮೂಳೆ ಮುರಿದಿರಲಿಲ್ಲ. ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬರುತ್ತಿತ್ತು.

ಅಪ್ಪ ಅಲ್ಲೇ ನೆಲದ ಮೇಲೆ ಕೂತ. ಗಾಯ ನೋಡಿಕೊಳ್ಳಲಿಲ್ಲ. ಬಿದ್ದ ಮಣ್ಣನ್ನೇ ನೋಡುತ್ತಿದ್ದ. ಸಂಜೆ ಅಜ್ಜಿ ದರ್ಗಾದ ಸಕ್ಕರೆ ಪೊಟ್ಟಣ ಹಿಡಿದು ಬಂದಾಗಲೂ ಹಾಗೇ ಕೂತಿದ್ದ. ಅಜ್ಜಿ ಏನೂ ಕೇಳುವ ಮೊದಲೇ ಹೇಳಿದ. "ನಂಗೆ ಅಪ್ಪನ ಕೈ ಬಂದಿಲ್ಲಮ್ಮ. ಬಿಟ್ಬಿಡೋಣ. ಹಬ್ಬ ಆದ್ಮೇಲೆ ಮೇಸ್ತ್ರಿನೇ ಬರ್ಲಿ."

ನನಗೆ ಹೊಡೆತ ಬಿದ್ದಿದ್ದರೆ ಸಹಿಸುತ್ತಿದ್ದೆ. ಈ ಮಾತು ಸಹಿಸಲಾಗಲಿಲ್ಲ. ಅವನ ಕೈಯಲ್ಲಿ ಏನೂ ತಪ್ಪಿರಲಿಲ್ಲ. ಅದು ಗೊತ್ತಿದ್ದವಳು ನಾನೊಬ್ಬಳೇ. ನಾನು ಹುಣಸೆಮರ ಹಿಡಿದು ನಿಂತು, ಅಳುತ್ತಲೇ ಎಲ್ಲವನ್ನೂ ಹೇಳಿದೆ. ಅಜ್ಜಿ ಹೇಳಿದ್ದು ಏನು, ನಾನು ಹೇಳಿದ್ದು ಏನು, ಸುಜಾತಳ ವ್ಯಾನು ಎಂದು ಹೊರಡುತ್ತದೆ, ಎಲ್ಲ.

ಅಪ್ಪ ಎದ್ದು ಕುಂಟುತ್ತ ತೊಟ್ಟಿಯ ಹತ್ತಿರ ಹೋಗಿ ಕಾಲು ತೊಳೆದುಕೊಂಡ. ತಿರುಗಿ ಬಂದು, ಮೈಸೂರಿಗೋಸ್ಕರಾನಾ ಅಂತ ಮೆಲ್ಲಗೆ ಕೇಳಿದ. ನಾನು ತಲೆಯಾಡಿಸಿದೆ. ಅವನು ಒಂದು ಉಸಿರು ಬಿಟ್ಟು, ಅಂದ್ರೆ ನನ್ನ ಕೈ ತಪ್ಪಲ್ಲ ಅಂದ. ಅಷ್ಟೇ. ಸಿಟ್ಟಿಗಿಂತ ಹೆಚ್ಚಾಗಿ ಅವನ ಮುಖದಲ್ಲಿ ಇದ್ದದ್ದು ನಿರಾಳ ಅಂತ ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು.

ಅಜ್ಜಿ ನನ್ನ ಕೈ ಹಿಡಿದು, ಬೀಳದೆ ಉಳಿದಿದ್ದ ಮೊದಲನೆಯ ವರಸೆಯ ಹತ್ತಿರ ಕರೆದುಕೊಂಡು ಹೋದಳು. ನನ್ನ ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿದು, ಹೆಂಗೈತೆ ಅಂತ ಕೇಳಿದಳು. ಬೆಚ್ಚಗಿದೆ ಅಂದೆ. ಆಮೇಲೆ ಬಿದ್ದ ಹೆಂಟೆಯ ಒಳಭಾಗಕ್ಕೆ ಒತ್ತಿಸಿದಳು. ಅದು ತಣ್ಣಗೆ ಕೊರೆಯುತ್ತಿತ್ತು. "ತಣ್ಣಗಿದ್ರೆ ಒಳಗಿನ್ನೂ ನೀರೈತೆ ಅಂತ. ನಾಳೆಯಿಂದ ದಿನಾ ಬೆಳಿಗ್ಗೆ ನೀನೇ ಮುಟ್ಟಿ ನೋಡ್ಬೇಕು. ನೀನು ಹಾಕಿ ಅಂದ್ರೇನೇ ಹಾಕೋದು."

ಸುಳ್ಳು ಹೇಳಿ ಗೋಡೆ ಬೀಳಿಸಿದವಳ ಕೈಗೇ ಅಜ್ಜಿ ಆ ಕೆಲಸ ಕೊಟ್ಟಳು. ಅಪ್ಪ ಅದಕ್ಕೆ ಬೇಡ ಅನ್ನಲಿಲ್ಲ.

ಮತ್ತೆ ಮಣ್ಣು ಒಡೆದು, ನೆನೆಹಾಕಿ, ಹುಲ್ಲು ಸೇರಿಸಿ, ತುಳಿದೆವು. ಅಪ್ಪ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಗೋಡೆಯ ಕೆಲಸ ಮಾತ್ರ ಮಾಡಿದ, ತುಳಿತ ಪೂರ್ತಿ ನನ್ನದಾಯಿತು. ಎರಡನೆಯ ವರಸೆ ಮತ್ತೆ ಎದ್ದಿತು. ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲು ನಾನು ಹಿತ್ತಿಲಿಗೆ ಹೋಗುತ್ತಿದ್ದೆ. ಮೇಲೆ, ಕೆಳಗೆ, ನಡುವೆ, ಮೂರು ಕಡೆ ಕೈ ಇಟ್ಟು ನೋಡುತ್ತಿದ್ದೆ. ಇವತ್ತು ಬೇಡ ಅನ್ನುತ್ತಿದ್ದೆ. ದೊಡ್ಡವರು ಮೂವರೂ ನನ್ನ ಮಾತು ಕೇಳುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಕೈ ಇಟ್ಟರೆ ಗೋಡೆ ಬೆಚ್ಚಗಿತ್ತು. ಮೂರೂ ಕಡೆ. ಒಳಗೆ ಹೋಗಿ, ಇವತ್ತು ಹಾಕ್ಬೋದು ಅಂದೆ. ಅದೇ ಹೊತ್ತಿಗೆ ಬೀದಿಯಲ್ಲಿ ವ್ಯಾನಿನ ಹಾರ್ನು ಕೇಳಿಸಿತು. ಸುಜಾತ ಹೊಸ ಲಂಗ ಹಾಕಿಕೊಂಡು ಕಿಟಕಿಯಲ್ಲಿ ಕೂತಿದ್ದಳು. ಅವಳ ಅಮ್ಮ ಇಳಿದು ಬಂದು, ಹುಡುಗಿಯನ್ನಾದರೂ ಕಳಿಸಿ, ನಾವು ನೋಡಿಕೊಳ್ಳುತ್ತೇವೆ ಅಂತ ಅಮ್ಮನನ್ನು ಕೇಳಿದರು. ಅಪ್ಪ ನನ್ನ ಕಡೆ ನೋಡಿ, ಹೋಗಮ್ಮ, ಇಷ್ಟು ದಿನ ಮಾಡಿದ್ದೀಯ, ಸಾಕು, ಬಟ್ಟೆ ತಗೋ ಹೋಗು ಅಂದ. ಅವನು ಬಾಯಿಮಾತಿಗೆ ಹೇಳಿದ್ದಲ್ಲ.

ನಾನು, "ನಾನು ಬರಲ್ಲ. ಇವತ್ತು ಮೂರನೇ ವರಸೆ" ಅಂದೆ.

ಅಮ್ಮ, ಹುಡುಗಿ ಇನ್ನೂ ಬೇಜಾರಿನಲ್ಲಿದ್ದಾಳೆ, ಶಿಕ್ಷೆ ಅಂದುಕೊಂಡಿದ್ದಾಳೆ ಅಂತ ತಿಳಿದು ಎರಡು ಸಲ ಹೇಳಿದಳು. ಸುಜಾತ ನಂಬಲಿಲ್ಲ, ಅಪ್ಪ ಬೈದಿರಬೇಕು ಅಂತ ಕೊನೆಯವರೆಗೂ ಅಂದುಕೊಂಡಳು. ಅದು ಶಿಕ್ಷೆಯಾಗಿರಲಿಲ್ಲ, ತ್ಯಾಗವೂ ಆಗಿರಲಿಲ್ಲ. ಮೈಸೂರಿನ ಆನೆ ನಾನಿಲ್ಲದಿದ್ದರೂ ಇರುತ್ತದೆ, ಕಾರಂಜಿ ನಾನಿಲ್ಲದಿದ್ದರೂ ಚಿಮ್ಮುತ್ತದೆ. ಇಲ್ಲಿ ನಾನು ಹಾಕಿ ಅಂದ ಮೇಲೆ ಮಣ್ಣು ನನ್ನ ಕಾಲಿಗಾಗಿ ಕಾದಿತ್ತು. ನಾನು ಹೋದ ಮೇಲೆ ಅವರು ಅದನ್ನು ಎಬ್ಬಿಸಿಬಿಟ್ಟರೆ ಅನ್ನುವ ಹೊಟ್ಟೆಕಿಚ್ಚೂ ಸ್ವಲ್ಪ ಇತ್ತು. ವ್ಯಾನು ತಿರುಗಿ ಹೋದಾಗ ಬೀದಿಯ ಕೊನೆಯವರೆಗೂ ಅದನ್ನೇ ನೋಡಿದೆ, ಸುಳ್ಳು ಯಾಕೆ ಹೇಳಲಿ. ಲಂಗ ಎತ್ತಿ ಕಟ್ಟಿ ಮಣ್ಣಿಗಿಳಿದ ಮೇಲೆ ಅದು ಮರೆತುಹೋಯಿತು.

ಐದನೆಯ ವರಸೆ ಮುಗಿಯುವ ಹೊತ್ತಿಗೆ ಹುಣಸೆಮರದಲ್ಲಿ ಹೊಸ ಚಿಗುರು ತುಂಬಿತ್ತು. ಬೀದಿಯ ಗಂಡಸರು ನಾಲ್ಕೈದು ಜನ ಸೇರಿ ತೊಲೆಯನ್ನು ಎತ್ತಿ ಗೋಡೆಯ ಮೇಲೆ ಕೂರಿಸಿದರು, ಹೆಂಚು ಹೊದಿಸಿದರು. ಅಜ್ಜಿ, ಅಮ್ಮ, ನಾನು ನುಣ್ಣಗಿನ ಮಣ್ಣಿಗೆ ಸಗಣಿ ಕಲಸಿ ಒಳಗೂ ಹೊರಗೂ ಮೆತ್ತಿದೆವು. ಸುಣ್ಣ ಹೊಡೆದು, ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದದ್ದು ಬುದ್ಧಪೂರ್ಣಿಮೆಗೆ ಎರಡು ದಿನ ಮೊದಲು. ಆ ವರ್ಷದ ಪಾಯಸ ಹೊಸ ಗೋಡೆಯ ಪಕ್ಕದ ಒಲೆಯಲ್ಲೇ ಬೆಂದಿತು.

ಆವತ್ತು ಅಪ್ಪ ಬಂದವರನ್ನೆಲ್ಲ ನಡುಮನೆಯಲ್ಲಿ ಕೂರಲು ಬಿಡಲಿಲ್ಲ. ಬನ್ನಿ, ಒಳಗಡೆ ಬನ್ನಿ ಅಂತ ಅಡುಗೆಮನೆಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದ. ಇದು ನಾವೇ ಎಬ್ಬಿಸಿದ್ದು, ತುಳಿದವಳು ಇವಳು ಅಂತ ನನ್ನನ್ನು ಮುಂದಕ್ಕೆ ನೂಕಿದ. ಮಾತು ಕಡಿಮೆಯ ನಮ್ಮಪ್ಪ ಅಷ್ಟು ಮಾತಾಡಿದ್ದನ್ನು ಬೀದಿಯವರು ನೋಡಿರಲಿಲ್ಲ. ಅವನ ಬಿಳಿ ಶರಟಿನ ತೋಳಿನ ಕೆಳಗೆ ಉಗುರುಗಳಲ್ಲಿ ಇನ್ನೂ ಕೆಮ್ಮಣ್ಣು ಇತ್ತು.

ಸಂಜೆ ಕೃಷ್ಣಾರೆಡ್ಡಿಯವರು ಮೊಮ್ಮಗನನ್ನು ಕರೆದುಕೊಂಡು ಆ ದಾರಿಯಲ್ಲಿ ಬಂದರು. ಪ್ರತಿವರ್ಷ ಅಂಗಳದಲ್ಲೇ ನಿಂತು ನಮಸ್ಕಾರ ಹೇಳಿ ಹೋಗುತ್ತಿದ್ದವರು. ಅಪ್ಪ ಬಾಗಿಲಿನಲ್ಲಿ ನಿಂತು, ಬನ್ನಿ, ಗೋಡೆ ನೋಡಿ ಬನ್ನಿ ಅಂದ. ಅವರು ಒಂದು ಗಳಿಗೆ ನಿಂತರು. ಮೊಮ್ಮಗ ಆಗಲೇ ಒಳಗೆ ಓಡಿದ್ದ. ಆಮೇಲೆ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ, ನಮ್ಮ ಗಿಡ್ಡ ಬಾಗಿಲು ದಾಟಿ ಬಂದರು. ಗೋಡೆಯ ಮೇಲೆ ಕೈಯಾಡಿಸಿದರು. ಅಪ್ಪನದೇ ಕೈ ಅಂದರು. ಅದು ನನ್ನ ಅಪ್ಪನಿಗೆ ಹೇಳಿದ್ದೋ, ಅವನ ಅಪ್ಪನಿಗೆ ಹೇಳಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ಪಾನಕ ಕೊಟ್ಟಳು. ಅರ್ಧ ಲೋಟ ಕುಡಿದು ಇಟ್ಟರು. ಅವರು ಹೋದ ಮೇಲೆ ಅಜ್ಜಿ ಆ ಲೋಟವನ್ನು ಬಹಳ ಹೊತ್ತು ನೋಡಿದಳು. ಕುಡಿದ ಅರ್ಧವನ್ನು ನೋಡಿದಳೋ, ಬಿಟ್ಟ ಅರ್ಧವನ್ನು ನೋಡಿದಳೋ, ನಾನು ಕೇಳಲಿಲ್ಲ.

ಈಗ ನಾನು ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ರಜೆಗೇನೂ ಕೊರತೆಯಿಲ್ಲ. ಶನಿವಾರ ಭಾನುವಾರ ಸೇರಿಸಿ ಮಕ್ಕಳನ್ನು ಕರೆದುಕೊಂಡು ನಂದಿಬೆಟ್ಟದ ಕಡೆಯ ರೆಸಾರ್ಟುಗಳಿಗೆ ಹೋಗುತ್ತೇವೆ. ಈಜುಕೊಳದ ಪಕ್ಕದ ಕುರ್ಚಿಯಲ್ಲಿ ಕೂತು, ಚೆನ್ನಾಗಿದೆ ಅಂತ ನಾನೂ ಹೇಳುತ್ತೇನೆ. ಸುಸ್ತಾಗಿ ವಾಪಸು ಬರುತ್ತೇವೆ, ಆದರೆ ಆ ಸುಸ್ತಿಗೆ ನಿದ್ದೆ ಬರುವುದಿಲ್ಲ. ನನ್ನ ಮಗಳು ಬೇಸಿಗೆ ಶಿಬಿರದಲ್ಲಿ ಜೇಡಿಮಣ್ಣಿನ ಗಣಪ ಮಾಡುತ್ತಾಳೆ. ಕೈಗೆ ಪ್ಲಾಸ್ಟಿಕ್ಕಿನ ಗ್ಲೌಸು ಕೊಟ್ಟಿರುತ್ತಾರೆ.

ನಗರಗೆರೆಯ ಆ ಮನೆ ಈಗಿಲ್ಲ. ಅಪ್ಪ ರಿಟೈರಾದ ಮೇಲೆ ಅಲ್ಲಿ ಸಿಮೆಂಟಿನ ಮನೆ ಎದ್ದಿದೆ, ಅಡುಗೆಮನೆಗೆ ಟೈಲ್ಸು ಬಂದಿದೆ, ಅಮ್ಮನಿಗೆ ಅನುಕೂಲವಾಗಿದೆ, ಅದರಲ್ಲಿ ದುಃಖಪಡುವಂಥದ್ದೇನೂ ಇಲ್ಲ. ಹೋದ ವರ್ಷ ಊರಿನಲ್ಲಿ ಸುಮ್ಮನೆ ವಿಚಾರಿಸಿದೆ, ಮಣ್ಣಿನ ಗೋಡೆ ಎಬ್ಬಿಸುವವರು ಯಾರಾದರೂ ಉಳಿದಿದ್ದಾರಾ ಅಂತ. ಒಬ್ಬರೂ ಇಲ್ಲ. ನಾನೇ ಹೇಳಿಕೊಡಬಹುದಲ್ಲ ಅಂದುಕೊಂಡರೆ, ಹುತ್ತದ ಮಣ್ಣಿಗೆ ಕೆರೆಯ ಗೋಡು ಎಷ್ಟು ಮಂಕರಿ ಅನ್ನುವುದೇ ನನಗೆ ಗೊತ್ತಿಲ್ಲ. ಕೇಳಿದ್ದರೆ ಅಜ್ಜಿ ಹೇಳುತ್ತಿದ್ದಳು. ಕೇಳುವುದಕ್ಕೆ ಬೇಕಾದಷ್ಟು ದಿನ ಇದ್ದವು.

ಆ ಬೇಸಿಗೆ ಕಳೆದು, ಏಳನೇ ಕ್ಲಾಸೂ ಮುಗಿದ ಮೇಲೆ ನಾನು ಹೈಸ್ಕೂಲು, ಹಾಸ್ಟೆಲು ಅಂತ ಹೊರಟೆ. ಅಪ್ಪ ಮತ್ತೆ ಇಸ್ತ್ರಿ ಶರಟಿಗೆ ಮರಳಿದ. ರಜೆಗೆ ಊರಿಗೆ ಬಂದಾಗ ನಾಲ್ವರೂ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದೆವು, ಚೆನ್ನಾಗಿಯೇ ಇದ್ದೆವು. ಅಜ್ಜಿ ಇನ್ನೂ ಆರು ವರ್ಷ ಇದ್ದಳು. ಆ ಆರು ವರ್ಷವೂ ಅಪ್ಪನಿಗೆ ಬೇಸಿಗೆ ರಜೆ ಇತ್ತು, ನನಗೂ ಇತ್ತು. ನಾವು ನಾಲ್ವರೂ ಸೇರಿ ಮತ್ತೆ ಏನನ್ನೂ ಕಟ್ಟಲಿಲ್ಲ.